ಕಾಲಿಗೆ ತಕ್ಕ ಸೈಕಲ್ಲು, ದಾರಿಗೆ ತಕ್ಕ ಸಜ್ಜು

ಶಾಲೆ ತೆರೆಯುವ ಜೂನ್ ತಿಂಗಳು ಬಂತೆಂದರೆ ಸೈಕಲ್ ಅಂಗಡಿಗಳ ಮುಂದೆ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಮೂಗೂರಿನ ಕಡೆಯಿಂದ ಟಿ. ನರಸೀಪುರಕ್ಕೆ ಬಸ್ಸಿನಲ್ಲಿ ಬಂದಿಳಿದ ತಂದೆ; ಪಕ್ಕದಲ್ಲಿ ಎಂಟನೆಯ ತರಗತಿಗೆ ಕಾಲಿಟ್ಟ ಮಗನೋ ಮಗಳೋ. ಮಗುವಿನ ಕಣ್ಣೆಲ್ಲ ದಪ್ಪ ಟೈರಿನ, ಮುಂದೆ ಸ್ಪ್ರಿಂಗ್ ಇರುವ, 21 ಗೇರಿನ ಬಣ್ಣದ ಸೈಕಲ್ಲಿನ ಮೇಲೆ. ‘ಇದೇ ಕೊಡ್ಸಪ್ಪ’ ಎಂಬ ಪಟ್ಟು. ತಂದೆಯ ಕಣ್ಣು ಮಾತ್ರ ಬೆಲೆ ಬರೆದ ಚೀಟಿಯ ಮೇಲೆ. ಸ್ವಲ್ಪ ಹೊತ್ತಿನ ಚೌಕಾಸಿ, ಸ್ವಲ್ಪ ಮುನಿಸು, ಕೊನೆಗೆ ಯಾವುದೋ ಒಂದು ಸೈಕಲ್ಲು ಮನೆಗೆ ಬರುತ್ತದೆ.

ಈ ಗಡಿಬಿಡಿಯಲ್ಲಿ ಇಬ್ಬರೂ ನೋಡದೆ ಬಿಡುವ ಸಂಗತಿಗಳು ಎರಡು. ಒಂದು, ಸೈಕಲ್ಲು ದಿನವೂ ಸಾಗಬೇಕಾದ ದಾರಿ. ಇನ್ನೊಂದು, ಅದನ್ನು ತುಳಿಯಬೇಕಾದ ಕಾಲು. ಸಾಧಾರಣ ಸೈಕಲ್ಲಿಗೂ ಐದಾರು ಸಾವಿರ ರೂಪಾಯಿ ಎಣಿಸಬೇಕಾದ ಈ ದಿನಗಳಲ್ಲಿ, ಆರು ತಿಂಗಳಿಗೆ ಕೊಟ್ಟಿಗೆ ಸೇರುವ ಸೈಕಲ್ಲನ್ನು ಕೊಂಡರೆ ಹಣವಷ್ಟೇ ಅಲ್ಲ, ಮಗುವಿನ ಓದಿನ ಸಮಯವೂ ನಷ್ಟವಾಗುತ್ತದೆ.

ಇಷ್ಟೊಂದು ಯೋಚಿಸಬೇಕೆ?

‘ಎರಡು ಚಕ್ರದ ಸೈಕಲ್ಲಿಗೆ ಇಷ್ಟೊಂದು ಯೋಚನೆಯೆ?’ ಎಂದು ಕೆಲವರು ಕೇಳಬಹುದು. ಬಿಹಾರದಲ್ಲಿ 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ಲಿಗಾಗಿ ಹಣ ಕೊಡುವ ಯೋಜನೆ ಆರಂಭವಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದರ ಫಲವನ್ನು ಅಳೆದು ನೋಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡ 30ಕ್ಕೂ ಹೆಚ್ಚು ಏರಿತ್ತು. ಹುಡುಗ-ಹುಡುಗಿಯರ ನಡುವಿನ ಅಂತರ ಶೇಕಡ 40ರಷ್ಟು ತಗ್ಗಿತ್ತು. ಶಾಲೆ ಮೂರು ಕಿ.ಮೀ.ಗಿಂತ ದೂರವಿದ್ದ ಹಳ್ಳಿಗಳಲ್ಲಿ ಈ ಲಾಭ ಎದ್ದು ಕಂಡಿತು.

ಕರ್ನಾಟಕದಲ್ಲೂ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂತು. ಮೊದಲು ಬಡ ಕುಟುಂಬದ ಹುಡುಗಿಯರಿಗೆ, ಮರುವರ್ಷದಿಂದ ಹುಡುಗರಿಗೂ ಸೈಕಲ್ ಸಿಕ್ಕಿತು. ಶಾಲೆಯ ಆವರಣದಲ್ಲಿ ಒಂದೇ ಬಗೆಯ ಹತ್ತಾರು ಸೈಕಲ್ಲುಗಳು ಸಾಲಾಗಿ ನಿಂತದ್ದನ್ನು ಕಂಡವರು ಮರೆಯಲಾರರು. ಕೊರೋನಾ ಕಾಲದಲ್ಲಿ, 2020ರಲ್ಲಿ, ಆ ವಿತರಣೆ ನಿಂತಿತು. ಹೀಗಾಗಿ ಸೈಕಲ್ಲಿನ ಆಯ್ಕೆ ಮತ್ತೆ ಮನೆಯವರ ಹೊಣೆಯಾಯಿತು.

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದು ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಆದರೆ ಬಸ್ಸು ಓಡುವುದು ತನ್ನ ವೇಳೆಗೆ, ವಿಶೇಷ ತರಗತಿ ಮುಗಿಯುವುದು ತನ್ನ ವೇಳೆಗೆ. ಮುಖ್ಯರಸ್ತೆಯಿಂದ ಒಳಗಿರುವ ಹಳ್ಳಿಯ ಮಗು ಬಸ್ಸು ಹಿಡಿಯಬೇಕಾದರೂ ಎರಡು ಮೂರು ಕಿ.ಮೀ. ನಡೆಯಬೇಕು. ಗಂಟೆಗೆ ನಾಲ್ಕು ಕಿ.ಮೀ. ನಡೆಯುವ ಮಗುವಿಗೆ ಮೂರು ಕಿ.ಮೀ. ದಾರಿ ಮುಕ್ಕಾಲು ಗಂಟೆ. ಸೈಕಲ್ಲಿನಲ್ಲಿ ಹದಿನೈದು ನಿಮಿಷವೂ ಬೇಡ. ಹೋಗಿ ಬರುವುದು ಸೇರಿ ದಿನಕ್ಕೆ ಒಂದು ಗಂಟೆ ಉಳಿಯಿತು. ಎಸ್ಸೆಸ್ಸೆಲ್ಸಿ ಓದುವ ಮಗುವಿಗೆ ಇದು ಸಣ್ಣ ಉಳಿತಾಯವಲ್ಲ.

‘ಸೈಕಲ್ ಯಾಕೆ, ಮನೆಯಲ್ಲಿ ಸ್ಕೂಟರ್ ಇದೆಯಲ್ಲ’ ಎನ್ನುವ ಪೋಷಕರು ಒಂದು ಮಾತು ಗಮನಿಸಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಸಿಗುವುದಿಲ್ಲ. ಪ್ರೌಢಶಾಲೆಯ ಮಗುವಿಗೆ ಯಾವ ಪರವಾನಗಿಯೂ ಬೇಡದ ಸ್ವಂತ ವಾಹನವೆಂದರೆ ಸೈಕಲ್ಲೇ.

ಮೊದಲು ಅಳತೆ, ಆಮೇಲೆ ಬಣ್ಣ

‘ಬೆಳೆಯುವ ಮಗು, ದೊಡ್ಡದನ್ನೇ ತೆಗೆದುಕೊಳ್ಳೋಣ’ ಎಂಬ ಲೆಕ್ಕ ಅಂಗಿಗೆ ಸರಿ, ಸೈಕಲ್ಲಿಗೆ ಸರಿಯಲ್ಲ. ಅಂಗಿ ದೊಗಲೆಯಾದರೆ ನಗೆಪಾಟಲು. ಸೈಕಲ್ಲು ದೊಡ್ಡದಾದರೆ ಕಾಲು ನೆಲಕ್ಕೆ ಎಟಕುವುದಿಲ್ಲ. ಅಪ್ಪನ ಎತ್ತರದ ಸೈಕಲ್ಲಿನಲ್ಲಿ ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತ ತಲೆಮಾರಿಗೆ ಅದೊಂದು ಸಾಹಸದ ನೆನಪು. ಅಂದಿನ ರಸ್ತೆಯಲ್ಲಿ ಎದುರಿಗೆ ಬರುತ್ತಿದ್ದುದು ಹೆಚ್ಚಾಗಿ ಎತ್ತಿನ ಗಾಡಿ. ಇಂದು ಬರುವುದು ಕಬ್ಬು ತುಂಬಿದ ಟ್ರಾಕ್ಟರು, ಅದನ್ನು ಹಿಂದೆ ಹಾಕಲು ಅವಸರಪಡುವ ಕಾರು.

ಅಂಗಡಿಯಲ್ಲೇ ಮೂರು ಪರೀಕ್ಷೆ ಮಾಡಬಹುದು. ಮೊದಲನೆಯದು, ಬಾರಿನ ಎರಡೂ ಕಡೆ ಕಾಲಿಟ್ಟು ನೆಲದ ಮೇಲೆ ನಿಂತಾಗ ಬಾರಿಗೂ ಮೈಗೂ ನಡುವೆ ಮೂರು ನಾಲ್ಕು ಬೆರಳಿನ ಜಾಗವಿರಬೇಕು. ಎರಡನೆಯದು, ಸೀಟಿನ ಮೇಲೆ ಕುಳಿತು ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಹಾಗಿದ್ದರೆ, ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಸೀಟು ತೀರ ತಗ್ಗಾದರೆ ಮಂಡಿನೋವು, ತೀರ ಎತ್ತರವಾದರೆ ಸೊಂಟ ಅತ್ತಿತ್ತ ಜಗ್ಗುತ್ತದೆ. ಮೂರನೆಯದು, ಹ್ಯಾಂಡಲ್ ಹಿಡಿದಾಗ ಬ್ರೇಕಿನ ಹಿಡಿಗೆ ಬೆರಳು ಸಲೀಸಾಗಿ ಎಟಕಬೇಕು. ಸಣ್ಣ ಕೈಯವರಿಗೆ ಈ ಪರೀಕ್ಷೆಯನ್ನು ಮರೆಯಲೇಬಾರದು.

ಬೆಳೆಯುವ ಮಗುವಿಗಾಗಿ ಸೀಟಿನ ಕಂಬ ಮೇಲೇರಿಸಲು ಅವಕಾಶವಿದೆ. ಆದರೆ ಆ ಕಂಬದ ಮೇಲೆ ಇದಕ್ಕಿಂತ ಹೆಚ್ಚು ಎಳೆಯಬಾರದು ಎಂದು ಸೂಚಿಸುವ ಗೆರೆಯಿರುತ್ತದೆ. ಗೆರೆ ಹೊರಗೆ ಕಂಡರೆ ಸೈಕಲ್ಲು ಚಿಕ್ಕದಾಯಿತೆಂದೇ ಅರ್ಥ. ಉದ್ದ ಲಂಗ, ಚೂಡಿದಾರ್ ತೊಡುವ ಹುಡುಗಿಯರಿಗೆ ಬಾರು ಇಳಿಜಾರಾಗಿರುವ ಸೈಕಲ್ಲು ಅನುಕೂಲ. ಹಿಂಚಕ್ರಕ್ಕೆ ಬಟ್ಟೆ ಸಿಗದಂತೆ ತಡೆಯುವ ಜಾಲರಿ ಇರಲೇಬೇಕು. ವೇಲು ಕಡ್ಡಿಗೆ ಸುತ್ತಿಕೊಂಡರೆ ಎಳೆತ ಬೀಳುವುದು ಕುತ್ತಿಗೆಗೆ; ಹತ್ತುವ ಮುನ್ನ ಅದನ್ನು ಸೊಂಟಕ್ಕೆ ಬಿಗಿದು ಕಟ್ಟುವ ಅಭ್ಯಾಸವಾಗಲಿ.

ಹಲ್ಲಿನ ಲೆಕ್ಕ

ಇನ್ನು ಗೇರಿನ ವಿಚಾರ. ಇದಕ್ಕೆ ಏಳನೆಯ ತರಗತಿಯ ಗಣಿತ ಸಾಕು. ಪೆಡಲಿನ ಬಳಿಯ ದೊಡ್ಡ ಹಲ್ಲಿನ ಗಾಲಿಗೆ ಚೈನ್‌ವೀಲ್ ಎನ್ನುತ್ತಾರೆ, ಹಿಂಚಕ್ರದ ಸಣ್ಣದಕ್ಕೆ ಫ್ರೀವೀಲ್. ಹಳೆಯ ಮಾದರಿಯ ಕಪ್ಪು ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಚೈನ್‌ವೀಲಿಗೆ 44 ಅಥವಾ 48 ಹಲ್ಲು, ಫ್ರೀವೀಲಿಗೆ 18. ನಲವತ್ತನಾಲ್ಕನ್ನು ಹದಿನೆಂಟರಿಂದ ಭಾಗಿಸಿದರೆ 2.44. ಅಂದರೆ ಪೆಡಲು ಒಂದು ಸುತ್ತು ತಿರುಗಿದಾಗ ಹಿಂಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. 28 ಅಂಗುಲದ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಹಾಗಾಗಿ ಒಂದು ತುಳಿತದ ಸುತ್ತಿಗೆ ಸೈಕಲ್ಲು 5.4 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 50 ಸುತ್ತು ತುಳಿದರೆ ಗಂಟೆಗೆ 16 ಕಿ.ಮೀ. ವೇಗ.

ಇದೇ ಫ್ರೀವೀಲನ್ನು ತೆಗೆದು 22 ಹಲ್ಲಿನದನ್ನು ಹಾಕಿದರೆ ಏನಾಗುತ್ತದೆ? ಒಂದು ಸುತ್ತಿಗೆ 4.4 ಮೀಟರ್ ಮಾತ್ರ ಸಾಗುತ್ತದೆ, ಆದರೆ ತುಳಿಯಲು ಬೇಕಾದ ಬಲ ಶೇಕಡ 18ರಷ್ಟು ಕಡಿಮೆಯಾಗುತ್ತದೆ. ಮಾಡುವ ಕೆಲಸ ಅಷ್ಟೇ. ಅದನ್ನು ಹೆಚ್ಚು ಸುತ್ತುಗಳಿಗೆ ಹಂಚಿದಂತಾಯಿತು. ಭಾರದ ಚೀಲ ಹೊತ್ತ ಸಣ್ಣ ಮೈಕಟ್ಟಿನ ಮಗುವಿಗೆ, ಏರುದಾರಿಯಿರುವ ಹಳ್ಳಿಗೆ ಇದು ಹೊಂದುತ್ತದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು. 21 ಗೇರಿನ ಸೈಕಲ್ಲಿನ ಬೆಲೆಯ ಮುಂದೆ ಈ ಖರ್ಚು ತೀರ ಸಣ್ಣದು.

ಗೇರು ಕೆಟ್ಟದ್ದೆಂದಲ್ಲ. ಮಡಿಕೇರಿಯ ಏರಿನಲ್ಲಿ ಅದು ವರವೇ ಸರಿ. ಆದರೆ 21 ಎಂಬುದು ಮುಂದಿನ ಮೂರು, ಹಿಂದಿನ ಏಳು ಗಾಲಿಗಳ ಗುಣಾಕಾರ. ಅವುಗಳಲ್ಲಿ ಹಲವು ಹೆಚ್ಚು ಕಡಿಮೆ ಒಂದೇ ಅನುಪಾತ ಕೊಡುತ್ತವೆ. ಮೂಗೂರಿನ ಸುತ್ತಿನ ಬಹುಪಾಲು ಸಮತಟ್ಟಾದ ನೆಲದಲ್ಲಿ ಬಳಕೆಗೆ ಬರುವುದು ಎರಡೋ ಮೂರೋ. ಹಿಂದೆ ಜೋತುಬಿದ್ದಿರುವ ಗೇರಿನ ಕೊಕ್ಕೆ ಸೈಕಲ್ಲು ಒಮ್ಮೆ ಉರುಳಿದರೆ ಬಾಗುತ್ತದೆ. ಬಾಗಿದರೆ ಚೈನು ಕಡ್ಡಿಗೆ ಸಿಗುತ್ತದೆ. ಅದನ್ನು ಸರಿಪಡಿಸುವ ಬಿಡಿಭಾಗ ಊರಿನ ಪಂಚರ್ ಅಂಗಡಿಯಲ್ಲಿ ಇದೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಬೇಕು. ಮುಂದಿನ ಸ್ಪ್ರಿಂಗೂ ಅಷ್ಟೇ: ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಅದು ಹಳ್ಳದ ಹೊಡೆತವನ್ನು ತಡೆಯುವುದಕ್ಕಿಂತ ತೂಕವನ್ನು ಹೆಚ್ಚಿಸುವುದೇ ಜಾಸ್ತಿ.

ಗೇರಿಲ್ಲದ ಸೈಕಲ್ಲಿಗೆ ನಿಜವಾದ ಏರು ಎಂದರೆ ಆಷಾಢದ ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಎದುರಿನಿಂದ 15 ಕಿ.ಮೀ. ವೇಗದ ಗಾಳಿ ಬೀಸಿದರೆ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆಗ ಹಟಕ್ಕೆ ಬಿದ್ದು ತುಳಿಯುವ ಬದಲು ಹತ್ತು ನಿಮಿಷ ಮುಂಚೆ ಮನೆ ಬಿಡುವುದೇ ಜಾಣತನ.

ಚೈನಿನ ಆರೋಗ್ಯ

ಹಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದ ಉರುಳೆಯ ಚೈನೇ ಇಂದಿನ ಸೈಕಲ್ ಚೈನಿನ ಮೂಲ. ಶುಚಿಯಾಗಿ, ಎಣ್ಣೆ ಕಂಡು ಓಡುವ ಚೈನು ಕಾಲಿನ ಶಕ್ತಿಯಲ್ಲಿ ಶೇಕಡ 95ಕ್ಕೂ ಹೆಚ್ಚನ್ನು ಚಕ್ರಕ್ಕೆ ತಲುಪಿಸುತ್ತದೆ. ಧೂಳು ಸೇರಿ ಕಿರುಗುಟ್ಟುವ ಚೈನು ಅದನ್ನು ದಾರಿಯಲ್ಲೇ ತಿನ್ನುತ್ತದೆ.

ಚೈನು ಸವೆದಿದೆಯೇ ಎಂದು ತಿಳಿಯಲು ಮೆಕ್ಯಾನಿಕ್ ಬೇಡ, ಶಾಲೆಯ 30 ಸೆಂ.ಮೀ. ಅಳತೆಪಟ್ಟಿ ಸಾಕು. ಚೈನಿನ ಪ್ರತಿ ಕೊಂಡಿ ಅರ್ಧ ಅಂಗುಲ. ಒಂದು ಪಿನ್ನಿನ ನಡುವಿನಿಂದ ಹಿಡಿದು ಇಪ್ಪತ್ತು ಕೊಂಡಿ ಅಳೆದರೆ 25.4 ಸೆಂ.ಮೀ. ಇರಬೇಕು. ಅದು ಕಾಲು ಸೆಂ.ಮೀ. ಹೆಚ್ಚಿದ್ದರೆ ಚೈನು ಶೇಕಡ ಒಂದರಷ್ಟು ಉದ್ದವಾಗಿದೆ, ಬದಲಿಸಬೇಕು. ಇಲ್ಲವಾದರೆ ಅದು ಫ್ರೀವೀಲಿನ ಹಲ್ಲನ್ನೂ ತಿಂದು ಖರ್ಚನ್ನು ಇಮ್ಮಡಿಸುತ್ತದೆ.

ಎಣ್ಣೆ ಎಂದರೆ ಕೊಬ್ಬರಿ ಎಣ್ಣೆಯಲ್ಲ. ಅದು ಧೂಳು ಸೇರಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಕೊಂಡಿಗೊಂದು ಹನಿಯಂತೆ ಬಿಟ್ಟು, ಪೆಡಲು ಹಿಂದಕ್ಕೆ ತಿರುಗಿಸಿ, ಹೊರಗಿನ ಎಣ್ಣೆಯನ್ನು ಹಳೆ ಬಟ್ಟೆಯಲ್ಲಿ ಒರೆಸಿಬಿಡಬೇಕು. ಸುಗ್ಗಿಯಲ್ಲಿ ನಮ್ಮ ರಸ್ತೆಗಳೇ ಕಣವಾಗುತ್ತವೆ. ಹುರುಳಿ, ರಾಗಿಯ ಹುಲ್ಲನ್ನು ಹರಡಿದ ರಸ್ತೆಯ ಮೇಲೆ ಸೈಕಲ್ಲು ಜಾರುತ್ತದೆ. ಬಳ್ಳಿ ಫ್ರೀವೀಲಿಗೆ ಸುತ್ತಿಕೊಂಡು ಚಕ್ರವೇ ಕಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚಿದ ಚೈನ್‌ಕವರ್ ನೋಡಲು ಹಳೆಯ ಕಾಲದ್ದೆನಿಸಬಹುದು, ಈ ದಾರಿಗೆ ಅದೇ ತಕ್ಕದ್ದು. ಒಕ್ಕಣೆಯ ಜಾಗ ಬಂದಾಗ ಇಳಿದು ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವಿಲ್ಲ.

ಟೈರು, ಬ್ರೇಕು

ಟೈರಿನ ಪಕ್ಕದಲ್ಲೇ ಎಷ್ಟು ಗಾಳಿ ಬೇಕೆಂದು ಮುದ್ರಿಸಿರುತ್ತಾರೆ. ಹೆಬ್ಬೆರಳಿನಿಂದ ಒತ್ತಿದರೆ ಸುಲಭವಾಗಿ ತಗ್ಗುವ ಟೈರು ತುಳಿತವನ್ನು ಭಾರ ಮಾಡುತ್ತದೆ, ಹಳ್ಳದಲ್ಲಿ ರಿಮ್ಮು ಬಡಿದು ಟ್ಯೂಬು ಕಚ್ಚುತ್ತದೆ. ಜಾಲಿಮುಳ್ಳಿನ ದಾರಿಯವರು ಒಂದು ಸಣ್ಣ ಪಂಪು, ಸಲ್ಯೂಷನ್, ರಬ್ಬರಿನ ತುಂಡು, ಉಜ್ಜುಕಾಗದ ಇಟ್ಟುಕೊಂಡು ಪಂಚರ್ ಹಾಕುವುದನ್ನು ಕಲಿತರೆ ಪರೀಕ್ಷೆಯ ದಿನ ಕಣ್ಣೀರು ತಪ್ಪುತ್ತದೆ. ಹುಡುಗಿಯರೂ ಇದನ್ನು ಕಲಿಯಬೇಕು.

ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ವಾಲುತ್ತದೆ. ಆದ್ದರಿಂದ ಸೈಕಲ್ಲನ್ನು ನಿಲ್ಲಿಸುವುದರಲ್ಲಿ ಮುಂದಿನ ಬ್ರೇಕಿನದೇ ಹೆಚ್ಚು ಪಾಲು. ‘ಮುಂದಿನದು ಹಿಡಿದರೆ ಪಲ್ಟಿ’ ಎಂದು ಹೆದರಿ ಹಿಂದಿನದನ್ನಷ್ಟೇ ಹಿಡಿಯುವವರು ಹೆಚ್ಚು ದೂರ ಜಾರುತ್ತಾರೆ. ಎರಡನ್ನೂ ಒಟ್ಟಿಗೆ, ಜಗ್ಗದೆ, ಒತ್ತುತ್ತ ಹೋಗಬೇಕು. ಮಳೆಯಲ್ಲಿ ಹೊಳಪಿನ ಉಕ್ಕಿನ ರಿಮ್ಮು ಬ್ರೇಕಿನ ರಬ್ಬರನ್ನು ಸರಿಯಾಗಿ ಹಿಡಿಯುವುದಿಲ್ಲ. ಮುಂಚಿತವಾಗಿ ಒಮ್ಮೆ ಮೆಲ್ಲಗೆ ಬ್ರೇಕು ತಾಗಿಸಿ ರಿಮ್ಮಿನ ನೀರು ಒರೆಸಿಕೊಳ್ಳಬೇಕು.

ಕತ್ತಲಾಗುವ ಮುನ್ನ

ಡಿಸೆಂಬರಿನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅರ್ಧ ಗಂಟೆಯೊಳಗೆ ಕತ್ತಲು. ಎಸ್ಸೆಸ್ಸೆಲ್ಸಿಯ ವಿಶೇಷ ತರಗತಿ ಮುಗಿಸಿ ಹೊರಟ ಮಗು ದಾರಿಯಲ್ಲಿರುವುದು ಅದೇ ಹೊತ್ತಿನಲ್ಲಿ. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಚಾಲಕ ಕಂಡು, ತಿಳಿದು, ಕಾಲು ಬ್ರೇಕಿಗೆ ತರಲು ಒಂದೂವರೆ ಸೆಕೆಂಡು ಹಿಡಿದರೆ ಬ್ರೇಕು ತಾಗುವ ಮೊದಲೇ 25 ಮೀಟರ್ ಕಳೆದಿರುತ್ತದೆ. ಮಗು ಅದಕ್ಕಿಂತ ಬಹಳ ದೂರದಿಂದಲೇ ಕಾಣಬೇಕು.

ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆ ಬರಿಯ ಅಲಂಕಾರವಲ್ಲ. ಅದರೊಳಗೆ ಒಂದಕ್ಕೊಂದು ಲಂಬವಾದ ಮೂರು ಮುಖಗಳ ನೂರಾರು ಸಣ್ಣ ಮೂಲೆಗಳಿವೆ. ಬೆಳಕು ಯಾವ ಕಡೆಯಿಂದ ಬಂದರೂ ಅವು ಅದನ್ನು ಬಂದ ಕಡೆಗೇ ತಿರುಗಿಸಿ ಕಳಿಸುತ್ತವೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇಟ್ಟು ಬಂದ ಪ್ರತಿಫಲಕವೂ ಇದೇ ತತ್ವದ್ದು. ಭೂಮಿಯಿಂದ ಲೇಸರ್ ಬಿಟ್ಟು ಚಂದ್ರನ ದೂರ ಅಳೆಯುವುದು ಅದರ ನೆರವಿನಿಂದಲೇ. ಚಂದ್ರನ ಮೇಲಿನದನ್ನು ಒರೆಸುವಂತಿಲ್ಲ. ಸೈಕಲ್ಲಿನದನ್ನು ವಾರಕ್ಕೊಮ್ಮೆ ಒರೆಸಬಹುದು. ಕೆಸರು ಮೆತ್ತಿದ ಬಿಲ್ಲೆ ಇದ್ದೂ ಇಲ್ಲದಂತೆ. ಪೆಡಲಿಗೆ, ಕಡ್ಡಿಗಳಿಗೆ, ಮಡ್‌ಗಾರ್ಡಿಗೆ ಪ್ರತಿಫಲಿಸುವ ಪಟ್ಟಿಯನ್ನೂ ಅಂಟಿಸಬಹುದು.

ಆದರೆ ಬಿಲ್ಲೆಗೆ ಸ್ವಂತ ಬೆಳಕಿಲ್ಲ. ಹಾಗಾಗಿ ದೀಪವೂ ಬೇಕು. ಹಿಂದೆ ಟೈರಿಗೆ ಉಜ್ಜಿ ಓಡುತ್ತಿದ್ದ 6 ವೋಲ್ಟಿನ, 3 ವಾಟಿನ ಡೈನಮೊ ಸೈಕಲ್ಲು ನಿಂತರೆ ಆರುತ್ತಿತ್ತು, ಮಳೆಯಲ್ಲಿ ಜಾರುತ್ತಿತ್ತು. ಈಗ ಚಾರ್ಜು ಮಾಡುವ ಎಲ್‌ಇಡಿ ದೀಪಗಳು ಸಿಗುತ್ತವೆ. ಮುಂದೆ ಬಿಳಿ, ಹಿಂದೆ ಕೆಂಪು. ಮುಂದಿನದು ಎದುರಿನವರ ಕಣ್ಣಿಗೆ ಕುಕ್ಕದಂತೆ ನೆಲದ ಕಡೆ ತುಸು ಬಾಗಿರಲಿ. ಸೈಕಲ್ ಸವಾರರು ಹೆಲ್ಮೆಟ್ ಧರಿಸಲೇಬೇಕೆಂದು ಕಾನೂನು ಕೇಳುವುದಿಲ್ಲ, ಆದರೆ ತಲೆ ಕೇಳುತ್ತದೆ. ಸೈಕಲ್ಲಿಗೆಂದೇ ಇರುವ ಹಗುರವಾದ ಹೆಲ್ಮೆಟ್ ಸಾಕು. ಒಮ್ಮೆ ಬಿದ್ದು ಬಿರುಕು ಬಿಟ್ಟದ್ದನ್ನು ಮತ್ತೆ ಧರಿಸಬಾರದು.

ಚೀಲವನ್ನು ಬೆನ್ನಿಗಿಂತ ಕ್ಯಾರಿಯರಿಗೆ ಬಿಗಿಯುವುದು ಮೇಲು. ಭಾರ ಕೆಳಗಿದ್ದಷ್ಟೂ ಸೈಕಲ್ಲು ಹಿಡಿತದಲ್ಲಿರುತ್ತದೆ, ಬೆನ್ನೂ ಬೆವರುವುದಿಲ್ಲ. ಹ್ಯಾಂಡಲಿಗೆ ಊಟದ ಡಬ್ಬಿಯ ಚೀಲ ತೂಗುಬಿಟ್ಟರೆ ಅದು ಮುಂಚಕ್ರದ ಕಡ್ಡಿಗೆ ಸಿಗುವ ದಿನ ಬಂದೇ ಬರುತ್ತದೆ. ಬೆಲ್ಲಂತೂ ಮೊದಲ ದಿನದಿಂದಲೇ ಇರಲಿ.

ಬೀಗದ ಬುದ್ಧಿ

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದು. ಬಸ್ ನಿಲ್ದಾಣದವರೆಗೆ ಸೈಕಲ್ಲಿನಲ್ಲಿ ಬಂದು, ಅಲ್ಲಿ ನಿಲ್ಲಿಸಿ, ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ವಿದ್ಯಾರ್ಥಿಯ ಸೈಕಲ್ಲು ಇಡೀ ದಿನ ಹೇಳುವವರು ಕೇಳುವವರಿಲ್ಲದೆ ನಿಂತಿರುತ್ತದೆ. ಸೈಕಲ್ಲಿನ ಜೊತೆ ಬರುವ, ಹಿಂಚಕ್ರದ ಕಡ್ಡಿಗಳ ನಡುವೆ ಕಂಬಿ ತೂರುವ ಬೀಗ ಚಕ್ರ ತಿರುಗದಂತೆ ಮಾಡುತ್ತದೆ, ಅಷ್ಟೆ. ಕಳ್ಳ ಅದನ್ನು ಎತ್ತಿ ಹೆಗಲಿಗೇರಿಸಿದರೆ ಬೀಗವೂ ಅವನ ಜೊತೆಯೇ ಹೋಗುತ್ತದೆ.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಆರಂಭವಾದಾಗ 450 ಸೈಕಲ್ಲುಗಳು ನಗರದ ಬೀದಿಗಿಳಿದವು. ಅಲ್ಲಿ ಸೈಕಲ್ಲನ್ನು ನೆಲಕ್ಕೆ ನೆಟ್ಟ ಕಟ್ಟೆಗೇ ಸಿಕ್ಕಿಸಿ ನಿಲ್ಲಿಸಬೇಕಿತ್ತು. ಬೀಗದ ತತ್ವವೆಲ್ಲ ಇಷ್ಟರಲ್ಲೇ ಇದೆ: ಸೈಕಲ್ಲಿನ ಚೌಕಟ್ಟನ್ನು ಅಲುಗದ ವಸ್ತುವಿಗೆ ಕಟ್ಟಬೇಕು. ಕಿಟಕಿಯ ಸರಳು, ಕಬ್ಬಿಣದ ಕಂಬ, ಗಟ್ಟಿ ಬೇಲಿ ಯಾವುದಾದರೂ ಆಗುತ್ತದೆ. ಏನೂ ಸಿಗದಿದ್ದರೆ ಗೆಳೆಯರ ಎರಡು ಸೈಕಲ್ಲುಗಳನ್ನು ಒಂದಕ್ಕೊಂದು ಕಟ್ಟಿದರೂ ಕಳ್ಳನ ಕೆಲಸ ಕಷ್ಟವಾಗುತ್ತದೆ.

ಪ್ಲಾಸ್ಟಿಕ್ ಹೊದಿಸಿದ ತೆಳ್ಳನೆಯ ತಂತಿಯ ಬೀಗ ಕತ್ತರಿಸುವ ಇಕ್ಕಳದ ಮುಂದೆ ಕ್ಷಣಮಾತ್ರವೂ ನಿಲ್ಲುವುದಿಲ್ಲ. ದಪ್ಪ ಉಕ್ಕಿನ ಸರಪಳಿ, ಒಳ್ಳೆಯ ಬೀಗ ಮೇಲು. ಸರಪಳಿಯನ್ನು ಚೌಕಟ್ಟಿನ ಜೊತೆ ಒಂದು ಚಕ್ರದ ಮೂಲಕವೂ ಹಾಯಿಸಬೇಕು, ನೆಲಕ್ಕೆ ತಾಗಿಸಬಾರದು. ನೆಲಕ್ಕೆ ಬಿದ್ದ ಬೀಗವನ್ನು ಕಲ್ಲಿನಿಂದ ಜಜ್ಜುವುದು ಸುಲಭ. ಐದು ನಿಮಿಷದ ಕೆಲಸಕ್ಕೂ ಬೀಗ ಹಾಕುವ ಅಭ್ಯಾಸ ಎಲ್ಲ ಬೀಗಗಳಿಗಿಂತ ದೊಡ್ಡ ಬೀಗ.

ಕೊಂಡ ದಿನವೇ ರಸೀದಿ ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಂದು ಸೈಕಲ್ ಮತ್ತು ಅದರ ಬಿಡಿಭಾಗಗಳ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿಯಿತು; ಆ ಲಾಭ ನಿಮಗೆ ಬಂದಿದೆಯೇ ಎಂಬುದೂ ರಸೀದಿಯಿಂದ ತಿಳಿಯುತ್ತದೆ. ಚೌಕಟ್ಟಿನ ಮೇಲೆ, ಸಾಮಾನ್ಯವಾಗಿ ಪೆಡಲಿನ ಅಚ್ಚಿನ ಕೆಳಗೆ, ಕೊರೆದಿರುವ ಸಂಖ್ಯೆಯನ್ನು ಮಗುವಿನ ಕೈಯಲ್ಲೇ ಬರೆಯಿಸಿ ರಸೀದಿಯ ಜೊತೆ ಇಡಿ. ಕಳುವಾದರೆ ಪೊಲೀಸರಿಗೆ ಕೊಡಲು ‘ಕೆಂಪು ಬಣ್ಣದ್ದು’ ಎಂಬುದಕ್ಕಿಂತ ಗಟ್ಟಿ ಗುರುತು ಅದು.

ಭಾನುವಾರದ ಕಾಲು ಗಂಟೆ

ಹೊಸ ಸೈಕಲ್ಲಿನ ನಟ್ಟುಗಳು ಮೊದಲ ತಿಂಗಳಲ್ಲಿ ಸಡಿಲವಾಗುವುದು, ಕಡ್ಡಿಗಳ ಬಿಗಿತ ಸ್ವಲ್ಪ ಕುಗ್ಗುವುದು ಸಹಜ. ಆಗ ಒಮ್ಮೆ ಅಂಗಡಿಯಲ್ಲಿ ಬಿಗಿಯಿಸಿ, ರಿಮ್ಮಿನ ಬೆಂಡು ತೆಗೆಸಬೇಕು. ಆಮೇಲೆ ಭಾನುವಾರಕ್ಕೆ ಹದಿನೈದು ನಿಮಿಷ ಸಾಕು: ಗಾಳಿ, ಬ್ರೇಕು, ಚೈನು, ನಟ್ಟು, ದೀಪ. ಈ ಐದನ್ನು ಅಪ್ಪನೋ ಅಣ್ಣನೋ ಮಾಡಿಕೊಡುವುದು ಬೇಡ. ಸೈಕಲ್ಲು ಯಾರದೋ ಅವರೇ ಮಾಡಲಿ. ಪಾಠದ ಪುಸ್ತಕದಲ್ಲಿ ಘರ್ಷಣೆ, ಬಲ, ವೇಗ ಎಂದು ಓದಿದ್ದು ಅಲ್ಲಿ ಬೆರಳಿಗೆ ಎಣ್ಣೆಯಾಗಿ ಅಂಟುತ್ತದೆ.

ಮತ್ತೆ ಆ ಅಂಗಡಿಯ ಮುಂದಿನ ತಂದೆಗೂ ಮಗುವಿಗೂ ಒಂದು ಮಾತು. ಕೈಯಲ್ಲಿರುವ ಹಣವನ್ನು ಎರಡು ಭಾಗ ಮಾಡಿ. ದೊಡ್ಡ ಭಾಗಕ್ಕೆ ಕಾಲಿಗೆ ಹೊಂದುವ, ಊರಿನಲ್ಲೇ ರಿಪೇರಿಯಾಗುವ ಗಟ್ಟಿ ಸೈಕಲ್ಲು. ಗೇರು, ಸ್ಪ್ರಿಂಗುಗಳಿಗೆ ಹೋಗಲಿದ್ದ ಇನ್ನೊಂದು ಭಾಗಕ್ಕೆ ದೀಪ, ಬಿಲ್ಲೆ, ಹೆಲ್ಮೆಟ್, ಸರಪಳಿ, ಪಂಪು. ಬಣ್ಣವನ್ನು ಮಾತ್ರ ಮಗುವೇ ಆರಿಸಲಿ. ಅಷ್ಟು ಹಕ್ಕು ಅದಕ್ಕಿದೆ.

ಮಾರ್ಚ್ ಬರುತ್ತದೆ, ಪರೀಕ್ಷೆ ಬರುತ್ತದೆ. ವಿಶೇಷ ತರಗತಿ ಮುಗಿಸಿದ ಮಗಳು ಕತ್ತಲಲ್ಲಿ ಬರುತ್ತಿದ್ದಾಳೆಂದು ತಾಯಿ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಾಳೆ. ದೂರದ ತಿರುವಿನಲ್ಲಿ ಒಂದು ಪುಟ್ಟ ಬಿಳಿ ಬೆಳಕು ಕಾಣುತ್ತದೆ. ಬೆಲ್ಲಿನ ಸದ್ದು, ಆಮೇಲೆ ಅಂಗಳದಲ್ಲಿ ಸ್ಟ್ಯಾಂಡು ಹಾಕಿದ ಸದ್ದು. ಆ ಸಂಜೆಗಾಗಿಯೇ ಜೂನ್ ತಿಂಗಳಲ್ಲಿ, ಅಂಗಡಿಯ ಮುಂದೆ, ಇಷ್ಟೊಂದು ಯೋಚಿಸಬೇಕು.